ಅರ್ಧ ಬಾನೆಟ್

ಉತ್ತರಹಳ್ಳಿಯ ಬಸ್ ಸ್ಟಾಪಿನ ಪಕ್ಕ ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಅವರ ಮುಖ ಕಂಡಾಗ ನನಗೆ ಮೊದಲು ಹುಟ್ಟಿದ್ದು ದುಃಖವಲ್ಲ, ಅನುಮಾನ. ಇದು ಅವರೇನಾ? ಫ್ಲೆಕ್ಸ್ ಮಾಡಿದವನು ಮುಖವನ್ನು ಬೆಳ್ಳಗೆ ಮಾಡಿ, ಸುಕ್ಕುಗಳನ್ನೆಲ್ಲ ಅಳಿಸಿ, ಹಣೆಯ ಮೇಲಿದ್ದ ಹಳೆಯ ಗಾಯದ ಗುರುತನ್ನೂ ತೆಗೆದುಬಿಟ್ಟಿದ್ದ. ಗಾಯ ಹಣೆಯ ಮೇಲಿತ್ತೋ ಹುಬ್ಬಿನ ಮೇಲಿತ್ತೋ, ಈಗ ಅದೂ ಖಾತ್ರಿಯಿಲ್ಲ. ಕೆಳಗಿದ್ದ ಹೆಸರು ಓದಿ ಅವರೇ ಎಂದು ಒಪ್ಪಿಕೊಂಡೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಅಣ್ಣ ಈಗಲೂ ಅದೇ ಬೀದಿಯಲ್ಲಿದ್ದಾರೆ. ಜೊತೆಗೆ, ನಾನು ಹೇಳಹೊರಟಿರುವುದರಲ್ಲಿ ನಡೆದದ್ದೆಷ್ಟು, ನೆನಪು ತಾನಾಗಿ ತಿದ್ದಿಕೊಂಡದ್ದೆಷ್ಟು ಎಂಬುದು ನನಗೇ ತಿಳಿಯದು.

ಕಾರುಗಳಿಗೆ ಗ್ಲೇಜ್ ಹಚ್ಚುವುದು ಅವರ ಕೆಲಸವಾಗಿತ್ತು. ಕಾರಿನ ಬಣ್ಣದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರ. ಅದು ಬಿಸಿಲು, ಧೂಳು, ಹಕ್ಕಿಯ ಹಿಕ್ಕೆ, ಬೋರ್‌ವೆಲ್ ನೀರಿನ ಬಿಳಿ ಕಲೆ ಎಲ್ಲದರಿಂದಲೂ ಬಣ್ಣವನ್ನು ಕಾಪಾಡುತ್ತದಂತೆ. ಈ 'ಅಂತೆ' ನನ್ನದು. ಅವರ ಬಾಯಲ್ಲಿ ಅಂತೆಗಳೇ ಇರಲಿಲ್ಲ.

ಮಾವನವರು ಕೊಟ್ಟಿದ್ದ ಹಳೆಯ ಕಾರನ್ನು ಮೊದಲ ಸಲ ಅವರ ಶೆಡ್ಡಿಗೆ ತೆಗೆದುಕೊಂಡು ಹೋದಾಗ ಕೇಳಿದ್ದೆ: "ಇದು ಎಷ್ಟು ದಿನ ಬರುತ್ತೆ?"

"ಲೈಫ್‌ಟೈಮ್ ಸಾರ್."

"ಯಾರ ಲೈಫ್‌ಟೈಮು?"

"ಕಾರಿಂದು ಇಲ್ಲಾ ನಂದು. ಯಾವುದು ಮೊದಲು ಮುಗಿಯುತ್ತೋ ಅದು."

ಪಕ್ಕದಲ್ಲಿ ನಿಂತಿದ್ದ ಮತ್ತೊಬ್ಬ ಗಿರಾಕಿಗೆ ಅದೇ ಬೆಳಿಗ್ಗೆ ಐದು ವರ್ಷ ಎಂದು ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಅದನ್ನು ಎತ್ತಿ ತೋರಿಸಿದೆ. ಅವರು ಬಟ್ಟೆ ಹಿಂಡುತ್ತಾ, "ಅವ್ರ ಕಾರು ನೋಡಿದ್ರಲ್ಲ ಸಾರ್, ಅದು ಅಷ್ಟೇ ದಿನ ಇರೋದು" ಎಂದರು.

ಈ ಕೆಲಸವನ್ನು ಎಲ್ಲಿ ಕಲಿತಿರಿ ಎಂದು ಕೇಳಿದರೆ ಒಂದು ಸಲ ಚೆನ್ನೈ ಎನ್ನುತ್ತಿದ್ದರು, ಇನ್ನೊಂದು ಸಲ ಪುಣೆ. ಒಮ್ಮೆ ಯಾರೋ ಜರ್ಮನಿಯವರು ಉತ್ತರಹಳ್ಳಿಗೇ ಬಂದು ಕಲಿಸಿ ಹೋಗಿದ್ದರು. ಮಂತ್ರಿಯೊಬ್ಬರ ಕಾರು ಕತ್ತಲಲ್ಲಿ ಬಂದು ಕತ್ತಲಲ್ಲೇ ಹೋಗುತ್ತಿತ್ತು. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಒಬ್ಬನೇ ಮನುಷ್ಯ ಒಂದೇ ಪ್ರಶ್ನೆಗೆ ಮೂರು ಉತ್ತರ ಕೊಟ್ಟರೆ ಸರಾಸರಿ ತೆಗೆಯುವುದಿಲ್ಲ, ಅವನನ್ನೇ ಪಟ್ಟಿಯಿಂದ ತೆಗೆಯುತ್ತೇನೆ. ಅವರನ್ನು ಮಾತ್ರ ತೆಗೆಯಲಾಗಲಿಲ್ಲ. ಕಾರಣ ಇಷ್ಟೇ: ನನ್ನ ಕಾರು ಅವರ ಬಳಿ ಇರುತ್ತಿತ್ತು.

ಕಾರನ್ನು ಹೇಳಿದ ದಿನ ವಾಪಸ್ ಕೊಟ್ಟವರೇ ಅಲ್ಲ. ಬೆಳಿಗ್ಗೆ ಫೋನ್ ಮಾಡಿದರೆ, "ಮೋಡ ಐತೆ ಸಾರ್, ಕೂತ್ಕೊಳಲ್ಲ" ಎನ್ನುತ್ತಿದ್ದರು. ಗ್ಲೇಜ್ ಕೂತುಕೊಳ್ಳಬೇಕು, ಅದಕ್ಕೆ ಬಿಸಿಲು ಬೇಕು, ಆದರೆ ನೇರ ಬಿಸಿಲು ಬೀಳಬಾರದು. ಬಿಸಿಲು ಬಂದ ದಿನ ಫೋನ್ ಮಾಡಿದರೆ, "ಜಾಸ್ತಿ ಬಿಸಿಲು ಸಾರ್." ನಾನು ಪದ್ಮನಾಭನಗರದಿಂದ ಆಟೋ ಹಿಡಿದು ಹೋಗಿ ನೋಡಿದರೆ, ಕಾರು ಶೆಡ್ಡಿನಲ್ಲಿ ಕೂತಿದೆ, ಅವರು ಅದರ ಎದುರು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ.

ಅಷ್ಟು ಕಾಯಿಸಿದ ಮೇಲೆ ಕೆಲಸವಾದರೂ ಶುದ್ಧವಾಗಿರಬೇಕಲ್ಲ. ಅದೂ ಇಲ್ಲ. ಆ ದ್ರಾವಣ ಕಾರಿನ ಕಪ್ಪು ಪ್ಲಾಸ್ಟಿಕ್ ಭಾಗಕ್ಕೆ ತಗುಲಿದರೆ ಒಣಗಿ ಬೆಳ್ಳಗಾಗುತ್ತದೆ, ಮತ್ತೆ ಹೋಗುವುದಿಲ್ಲ. ಅದಕ್ಕೆಂದೇ ಈ ಕೆಲಸದವರು ಮೊದಲು ಅಂಥ ಜಾಗಕ್ಕೆಲ್ಲ ಟೇಪ್ ಅಂಟಿಸುತ್ತಾರೆ. ಇವರೂ ಅಂಟಿಸುತ್ತಿದ್ದರು, ಅವಸರದಲ್ಲಿ, ಸೊಟ್ಟಗೆ. ಅವರ ಕೈ ದಾಟಿದ ಪ್ರತಿ ಕಾರಿನಲ್ಲೂ ಕನ್ನಡಿಯ ಬುಡದಲ್ಲೋ ವೈಪರಿನ ಕೆಳಗೋ ಸುಣ್ಣ ಬಳಿದಂಥ ಗೆರೆಗಳಿರುತ್ತಿದ್ದವು. ಬೈದರೆ, "ಅದು ನನ್ನ ಸೈನ್ ಸಾರ್, ಡೂಪ್ಲಿಕೇಟ್ ಬರಬಾರ್ದು ಅಂತ" ಎನ್ನುತ್ತಿದ್ದರು.

ಇನ್ನೊಂದು ಚಾಳಿಯಿತ್ತು, ಅದನ್ನು ಹೇಳದೆ ಅವರ ಚಿತ್ರ ಮುಗಿಯುವುದಿಲ್ಲ. ಒಂದು ದಿನ ಕೀ ತೆಗೆದುಕೊಂಡು ಹೋಗಲು ಮನೆಗೆ ಬಂದರು. ನನ್ನ ಹೆಂಡತಿ ಕಾಫಿ ತರುವಷ್ಟರಲ್ಲಿ ಹಾಲಿನ ಕಿಟಕಿಯ ಗಾಜಿನ ಮೇಲೊಂದು ಅಂಗೈ ಗುರುತು ಅವರ ಕಣ್ಣಿಗೆ ಬಿತ್ತು. ಹೆಗಲ ಮೇಲಿನ ಬಟ್ಟೆ ತೆಗೆದು ಒರೆಸಿದರು. ಒರೆಸಿದ ಮೇಲೆ ಪಕ್ಕದ ಗಾಜು ಕೊಳೆಯಾಗಿ ಕಂಡಿತು. ಅದನ್ನೂ ಒರೆಸಿದರು. ಕಾಫಿ ಆರಿತು. ಅವರು ಹೊರಡುವ ಹೊತ್ತಿಗೆ ನಮ್ಮ ಮನೆಯ ಕಿಟಕಿಗಳೆಲ್ಲ ಹೊಳೆಯುತ್ತಿದ್ದವು, ನನಗೆ ಎರಡನೇ ಪೀರಿಯಡ್ ತಪ್ಪಿತ್ತು.

"ಒಂದು ಒರೆಸಿ ಬಿಟ್ಟಿದ್ರೆ ಆಗ್ತಿರ್ಲಿಲ್ವಾ?" ಎಂದೆ.

"ಹೆಂಗಾಗುತ್ತೆ ಸಾರ್? ಆಮೇಲೆ ಮೇಡಮ್ಮೋರು ದಿನಾ ಅದನ್ನೇ ನೋಡ್ಬೇಕು."

ಇದನ್ನು ನಾನು ಶೋಕಿ ಎಂದುಕೊಂಡೆ. ಹೆಂಡತಿ ಹಾಗೆ ತಿಳಿಯಲಿಲ್ಲ. ಅವಳಿಗೆ ಅವರ ಮೇಲೆ ಮೊದಲಿನಿಂದಲೂ ಒಂದು ಬಗೆಯ ಪಕ್ಷಪಾತ.

ಶೆಡ್ ಇದ್ದದ್ದು ಅವರ ಕುಟುಂಬದ ಜಾಗದಲ್ಲಿ. ಒಂದು ಕಾಲಕ್ಕೆ ಅವರಪ್ಪ ಅಲ್ಲಿ ಸೊಪ್ಪು ಬೆಳೆಯುತ್ತಿದ್ದರು. ಈಗ ಅಣ್ಣ ಮೂರು ಅಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದರು; ರಸ್ತೆಗೆ ಮುಖ ಮಾಡಿದ ಮೂಲೆಯೊಂದು ಮಾತ್ರ ತಮ್ಮನ ತಗಡಿನ ಶೆಡ್ಡಿಗೆ ಉಳಿದಿತ್ತು. ಆ ಮೂಲೆಯನ್ನು ಮೆಡಿಕಲ್ ಸ್ಟೋರಿನವರು ಕೇಳತೊಡಗಿದರು. ಅಣ್ಣನದು ಕಡಿಮೆ ಮಾತು, ದಪ್ಪ ಧ್ವನಿ. ನನ್ನೆದುರೇ ಒಮ್ಮೆ ಹೇಳಿದ್ದರು: "ಇವನು ಹಚ್ಚೋದು ಯಾರಿಗೂ ಕಾಣಲ್ಲ. ಕಾಣದೇ ಇರೋದನ್ನ ಹಚ್ಚೋಕೆ ಕಾಣೋ ಜಾಗ ಯಾಕೆ ಸಾರ್ ಬೇಕು?"

ಮಾತು ನನಗೆ ಇಷ್ಟವಾಯಿತು. ನಕ್ಕೆ ಎಂದೂ ನೆನಪು.

ಒಂದು ಭಾನುವಾರ ಅವರು ನಮ್ಮ ಮನೆಗೆ ಬಂದರು. ಸೋಫಾ ಇದ್ದರೂ ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತರು. ಅಣ್ಣ ಒಂದು ಮಾತು ಕೊಟ್ಟಿದ್ದರು. ಓದಿದವರು ಒಬ್ಬರಾದರೂ ತನ್ನೆದುರು ನಿಂತು, ಈ ಗ್ಲೇಜಿನಿಂದ ನಿಜಕ್ಕೂ ಉಪಯೋಗ ಇದೆ ಎಂದು ಹೇಳಿದರೆ ಶೆಡ್ಡಿನ ಸುದ್ದಿಗೆ ಬರುವುದಿಲ್ಲ ಎಂದು.

"ನೀವು ಡಾಕ್ಟ್ರಲ್ವಾ ಸಾರ್," ಎಂದರು.

"ಆ ಥರ ಡಾಕ್ಟ್ರಲ್ಲ."

"ಗೊತ್ತು ಬುಡಿ. ಇಂಜೆಕ್ಷನ್ ಕೊಡೋ ಡಾಕ್ಟ್ರಲ್ಲ, ಅನುಮಾನ ಕೊಡೋ ಡಾಕ್ಟ್ರು. ನಮ್ಮಣ್ಣಂಗೆ ಅಂಥೋರೇ ಬೇಕು. ನೀವು ಒಪ್ಪಿದ್ರೆ ಅವ್ನು ಒಪ್ತಾನೆ."

ಒಂದು ಮಾತು ಹೇಳಿಬಿಡಬಹುದಾಗಿತ್ತು. ಹಾಗೆ ಹೇಳಿದರೆ ಅದು ಶಿಫಾರಸು, ಪುರಾವೆಯಲ್ಲ. ನನಗೆ ಪುರಾವೆ ಬೇಕಿತ್ತು. ಆ ತಿಂಗಳಷ್ಟೇ ನಾವು ಹಳೆಯ ಕಾರನ್ನು ಮಾರಿ ಕಡು ನೀಲಿಯ ಹೊಸದೊಂದನ್ನು ಕೊಂಡಿದ್ದೆವು, ಇನ್ನೂ ಯಾವ ಪಾಲಿಶೂ ಮುಟ್ಟದ್ದು. ನಾನು ಒಂದು ಪರೀಕ್ಷೆ ಹೂಡಿದೆ. ಬಾನೆಟ್ಟಿನ ನಡುವೆ ಟೇಪ್ ಎಳೆದು ಅರ್ಧಕ್ಕೆ ಮಾತ್ರ ಗ್ಲೇಜ್ ಹಚ್ಚಿ, ಉಳಿದರ್ಧ ಹಾಗೇ ಬಿಡಬೇಕು. ಮಳೆಗಾಲ, ಬೇಸಿಗೆ ಎರಡೂ ಕಳೆಯಲಿ. ಆಮೇಲೆ ಅಣ್ಣನೆದುರೇ ನೋಡಿ ಹೇಳುತ್ತೇನೆ.

ಅವರ ಮುಖ ಬಾಡಿತು. "ಅರ್ಧನಾ? ಅರ್ಧ ಮುಖಕ್ಕೆ ಪೌಡರ್ ಹಾಕ್ಕೊಂಡು ಯಾರಾದ್ರೂ ಮದುವೆಗೆ ಹೋಗ್ತಾರಾ ಸಾರ್?"

"ಹೋದ್ರೇನೇ ಪೌಡರ್ ಗೊತ್ತಾಗೋದು."

"ಹೊಸ ಗಾಡಿ ಸಾರ್. ಪಾಪ."

"ಇನ್ನೊಂದು ವಿಷಯ. ಯಾವ ಅರ್ಧ ಅಂತ ನನಗೆ ಹೇಳ್ಬಾರ್ದು. ಗೊತ್ತಾದ್ರೆ ನನ್ನ ಕಣ್ಣು ನನಗೇ ಮೋಸ ಮಾಡುತ್ತೆ."

"ನಿಮ್ಮ ಕಣ್ಣನ್ನೇ ನೀವು ನಂಬಲ್ವಾ?"

"ಇಲ್ಲ."

ಅವರು ಒಳಗಿದ್ದ ಹೆಂಡತಿಯ ಕಡೆ ತಿರುಗಿದರು. "ಹೆಂಗೆ ಮೇಡಂ ಇವ್ರ ಜೊತೆ?"

ಒಪ್ಪಿಕೊಂಡರು. ಹಚ್ಚುವ ದಿನ ನಾನು ಶೆಡ್ಡಿನ ಹತ್ತಿರವೂ ಇರಲಿಲ್ಲ. ಬೇಕೆಂದೇ ದರ್ಶಿನಿ ಹೋಟೆಲಿನಲ್ಲಿ ನಿಂತು ಒಂದಾದ ಮೇಲೊಂದು ಕಾಫಿ ಕುಡಿದೆ. ತಿರುಗಿ ಬಂದಾಗ ಟೇಪ್ ತೆಗೆದಿತ್ತು, ಬಾನೆಟ್ ಪೂರ್ತಿ ಒಂದೇ ಸಮ ಹೊಳೆಯುತ್ತಿತ್ತು. ಹೊಸ ಕಾರಲ್ಲವೇ. ಯಾವ ಅರ್ಧ ಎಂಬುದು ಅವರೊಬ್ಬರಿಗೇ ಗೊತ್ತು. ಪರೀಕ್ಷೆ ಎಷ್ಟು ಅಚ್ಚುಕಟ್ಟು ಎಂದು ನಾನು ಬೀಗುತ್ತಿದ್ದೆ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು, "ಚೆನ್ನಾಗಿರೋ ಕಡೆ ತೋರಿಸಿ ಇದೇ ನಾನು ಮಾಡಿದ್ದು ಅಂದ್ಬಿಟ್ರೆ?" ಉತ್ತರವನ್ನು ನಾನು ಇಟ್ಟದ್ದು, ಆ ಉತ್ತರದಿಂದ ಲಾಭವಿದ್ದ ಒಬ್ಬನೇ ಮನುಷ್ಯನ ಬಳಿ.

ಆ ಕ್ಷಣದಿಂದ ನನಗೆ ಖಾತ್ರಿಯಾಯಿತು, ಅವರು ಸುಳ್ಳು ಹೇಳುತ್ತಾರೆ. ಚೆನ್ನೈ, ಪುಣೆ, ಜರ್ಮನಿ ಎಂದವರು ಶೆಡ್ಡಿಗಾಗಿ ಒಂದು ಬೆರಳು ತೋರಿಸಲು ಹಿಂದೆಮುಂದೆ ನೋಡುತ್ತಾರೆಯೇ? ನಡುವೆ ಮಳೆ ಬಂತು. ಬಾನೆಟ್ಟಿನ ತುಂಬ ನೀರು ಕೆಸುವಿನೆಲೆಯ ಮೇಲೆ ನಿಂತಂತೆ ಹನಿಹನಿಯಾಗಿ ನಿಂತಿತು. ಹಾಗೆ ನಿಲ್ಲುವುದೇ ಗ್ಲೇಜಿನ ಗುರುತು ಎಂದು ಅವರು ಹಿಂದೆ ನೂರು ಸಲ ಹೇಳಿದ್ದರು. ಹೊಸ ಬಣ್ಣದ ಮೇಲೆ ಏನೂ ಹಚ್ಚದಿದ್ದರೂ ಹನಿ ನಿಲ್ಲುತ್ತದೆ, ನೋಡು, ಎರಡು ಕಡೆಯೂ ನಿಂತಿದೆ ಎಂದು ನಾನು ಗೆದ್ದವನಂತೆ ಹೆಂಡತಿಯನ್ನು ಬಾಲ್ಕನಿಗೆ ಕರೆದು ತೋರಿಸಿದೆ.

ಬೇಸಿಗೆಯ ಕೊನೆಗೆ ವ್ಯತ್ಯಾಸ ಕಂಡಿತು. ಬಾನೆಟ್ಟಿನ ಡ್ರೈವರ್ ಕಡೆಯ ಅರ್ಧ ಇನ್ನೂ ಕನ್ನಡಿಯಂತಿತ್ತು. ಇನ್ನೊಂದರ್ಧ ಮಂಕಾಗಿ, ಅದರ ಮೇಲೆ ಬಿಳಿ ಚುಕ್ಕೆಗಳೆದ್ದಿದ್ದವು. ಆ ಚುಕ್ಕೆಗಳಿಗೆ ಬೇರೆ ಕಾರಣವೂ ಇತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಪಾರ್ಕಿಂಗ್ ಜಾಗದ ಮೇಲೆ ಟ್ಯಾಂಕ್ ತುಂಬಿ ಹರಿಯುವ ಪೈಪಿದೆ. ಅದರ ಬೋರ್‌ವೆಲ್ ನೀರು ಅದೇ ಅರ್ಧದ ಮೇಲೆ ತೊಟ್ಟಿಕ್ಕುತ್ತದೆ, ಮಧ್ಯಾಹ್ನದ ಬಿಸಿಲೂ ಅಲ್ಲಿಗೇ. ನಾನು ಪರೀಕ್ಷೆ ಹೂಡುವಾಗ ಪೈಪಿನ ಲೆಕ್ಕ ಹಿಡಿದಿರಲಿಲ್ಲ.

ತೀರ್ಪಿನ ದಿನ ಅಣ್ಣ ಶೆಡ್ಡಿನೆದುರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹೆಂಡತಿಯೂ ಜೊತೆಗೆ ಬಂದಿದ್ದಳು. ನಾನು ಬಾನೆಟ್ಟಿನ ಮುಂದೆ ಬಗ್ಗಿ ನೋಡಿ, ತರಗತಿಯಲ್ಲಿ ಹೇಳುವಂತೆ ಹೇಳಿದೆ: "ಈ ಅರ್ಧ ಚೆನ್ನಾಗಿ ಉಳಿದಿದೆ. ಇದು ಹಾಳಾಗಿದೆ. ಈಗ ಹೇಳಿ, ನೀವು ಹಚ್ಚಿದ್ದು ಯಾವ ಕಡೆ?"

ಅವರು ಕಾರಿನ ಮುಂದೆ ಬಂದು ನಿಂತರು. ಬಾನೆಟ್ಟನ್ನು ನೋಡಿದರು, ನನ್ನನ್ನು ನೋಡಿದರು. ನಾನು ಆ ಸುಳ್ಳಿಗಾಗಿ ಕಾದೆ. ನಿಜ ಹೇಳಬೇಕೆಂದರೆ ಅದು ಬರಲಿ ಎಂದೇ ಕಾದೆ. ಪೈಪಿನ ವಿಷಯ ನನ್ನಲ್ಲೇ ಇಟ್ಟುಕೊಂಡು, ಸರಿ ಶೆಡ್ ಉಳಿಯಲಿ ಎಂದು ಸುಮ್ಮನಾಗಿಬಿಡಬಹುದಿತ್ತು. ಅವರು ಮಂಕಾದ ಅರ್ಧದ ಮೇಲೆ ಅಂಗೈ ಇಟ್ಟರು.

"ಇದು ನಾನು ಮಾಡಿದ್ದು."

ಅಣ್ಣ ತೊಡೆ ತಟ್ಟಿಕೊಂಡು ಎದ್ದರು. "ಆಯ್ತಲ್ಲ. ಅವ್ನೇ ಒಪ್ಕೊಂಡ."

"ಒಂದ್ನಿಮಿಷ," ಎಂದೆ ನಾನು. "ಆ ಕಡೆ ಪೈಪಿನ ನೀರು ಬೀಳುತ್ತೆ, ಬಿಸಿಲೂ ಜಾಸ್ತಿ. ಇದರಿಂದ ಏನೂ ಹೇಳಕ್ಕಾಗಲ್ಲ. ಪರೀಕ್ಷೆನೇ ಸರಿಯಿಲ್ಲ."

"ನೀರಿಂದ, ಬಿಸಿಲಿಂದ ಕಾಪಾಡಕ್ಕೇ ಅಲ್ವಾ ಸಾರ್ ಅದನ್ನ ಹಚ್ಚೋದು?" ಎಂದರು ಅಣ್ಣ. ಕುರ್ಚಿ ಒಳಗೆ ಹೋಯಿತು.

ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜೀವಮಾನವಿಡೀ ಬೇಡದ ಕಡೆಯೆಲ್ಲ ಸುಳ್ಳು ಹೇಳಿದ ಮನುಷ್ಯ ಬೇಕಾದ ಒಂದು ಕಡೆ ಹೇಳಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿಯ ಮುಂದೆ ಅದನ್ನೇ ಕೂಗಾಡಿದೆ. ಅವಳು ಕಿಟಕಿಯಾಚೆ ನೋಡುತ್ತಾ, "ಮೊದಲು ಎರಡೂ ಕೈ ಇಟ್ಟಿದ್ರು, ನೋಡಿದ್ರಾ?" ಎಂದಳು.

"ಏನು ಎರಡೂ ಕೈ?"

"ಆ ಕಡೆ ಒಂದು, ಈ ಕಡೆ ಒಂದು. ಸ್ವಲ್ಪ ಹೊತ್ತು ಹಂಗೇ ನಿಂತಿದ್ರು. ಆಮೇಲೆ ಒಂದು ತೆಗೆದ್ರು."

ಇಲ್ಲ ಎಂದೆ. ನಾನು ಎದುರಿಗೇ ನಿಂತಿದ್ದೆ, ಒಂದೇ ಕೈ. ಅವಳು ಪಕ್ಕದಲ್ಲಿದ್ದಳು, ಕೋನ ಬೇರೆ. ಮನುಷ್ಯರ ನೆನಪು ಕತೆ ಕಟ್ಟುತ್ತದೆ ಎಂದು ಪಾಠ ಹೇಳಿದೆ.

ಶೆಡ್ ಹೋಯಿತು, ಮೆಡಿಕಲ್ ಸ್ಟೋರ್ ಬಂತು. ಅವರು ಪಾಲಿಶ್ ಮೆಶೀನನ್ನು ಸ್ಕೂಟರಿನ ಮುಂದಿಟ್ಟುಕೊಂಡು ಅಪಾರ್ಟ್‌ಮೆಂಟುಗಳಿಗೆ ತಿರುಗಲು ಶುರು ಮಾಡಿದರು. ಬೇಸ್‌ಮೆಂಟಿನ ಪ್ಲಗ್ಗಿನಲ್ಲಿ ಕರೆಂಟ್ ಕೊಡುವುದಿಲ್ಲ ಎಂದು ಕೆಲವು ಕಡೆ ಸೆಕ್ಯುರಿಟಿಯವರು ಗೇಟಿನಲ್ಲೇ ನಿಲ್ಲಿಸುತ್ತಿದ್ದರಂತೆ. ಒಮ್ಮೆ ಬನಶಂಕರಿಯ ದರ್ಶಿನಿಯೊಂದರಲ್ಲಿ ಸಿಕ್ಕರು. ಸ್ವಲ್ಪ ಇಳಿದುಹೋಗಿದ್ದರು. ಮಾತಾಡುತ್ತಾಡುತ್ತಾ ನಾವು ನಿಂತಿದ್ದ ಕಲ್ಲಿನ ಟೇಬಲ್ಲಿನ ಮೇಲಿನ ಸಾಂಬಾರಿನ ಕಲೆಯನ್ನು ಒರೆಸಿದರು, ಆಮೇಲೆ ಟೇಬಲ್ ಪೂರ್ತಿ. ನನಗೆ ತಡೆಯಲಾಗಲಿಲ್ಲ.

"ಅವತ್ತು ನೀವು ಚೆನ್ನಾಗಿರೋ ಕಡೆ ತೋರಿಸಬಹುದಿತ್ತು."

"ಅದು ಚೆನ್ನಾಗೇ ಇತ್ತಲ್ಲ ಸಾರ್," ಎಂದರು. "ಅದಕ್ಕೆ ನಾನ್ಯಾಕೆ ಬೇಕು?"

ಇದು ಉತ್ತರವೇ? ಎಷ್ಟು ಸಲ ತಿರುಗಿಸಿ ನೋಡಿದರೂ ನನಗೆ ಅರ್ಥವಾಗಲಿಲ್ಲ. ಜಾಣತನದ ಮಾತು, ತಪ್ಪಿಸಿಕೊಳ್ಳುವ ಮಾತು ಎಂದು ಬದಿಗಿಟ್ಟೆ. ಅದೇ ಕೊನೆಯ ಭೇಟಿ. ಇನ್ನೊಮ್ಮೆ ಸಿಕ್ಕಿದ್ದರೂ ಸಿಕ್ಕಿರಬಹುದು, ನೆನಪಿಲ್ಲ.

ಫ್ಲೆಕ್ಸ್ ನೋಡಿ ಬಂದ ಭಾನುವಾರ ನಾನು ಯಾಕೋ ಬಕೆಟ್ ಹಿಡಿದು ಕೆಳಗಿಳಿದೆ. ಕಾರನ್ನು ಕೈಯಾರೆ ತೊಳೆದವನೇ ಅಲ್ಲ ನಾನು. ಒರೆಸುವುದನ್ನು ಸೆಕ್ಯುರಿಟಿಯವರಿಗೆ ವಹಿಸಿದ್ದೆ, ಅವರ ಬಟ್ಟೆ ಬಾನೆಟ್ ದಾಟಿ ಮುಂದೆ ಹೋದದ್ದಿಲ್ಲ. ಮುಂದಿನ ಗಾಜಿನ ಬುಡದಲ್ಲಿ, ವೈಪರುಗಳು ಮಲಗುವ ಕಡೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಪ್ಪು ಪ್ಲಾಸ್ಟಿಕ್ಕಿನ ಪಟ್ಟಿಯಿರುತ್ತದೆ. ಅದರ ಮೇಲೆ ಹೊಂಗೆಯ ಹೂ ಬಿದ್ದು ಬಿದ್ದು ಧೂಳಿನೊಂದಿಗೆ ಮೆತ್ತಿಕೊಂಡಿತ್ತು. ಹಳೆಯ ಟೂತ್‌ಬ್ರಶ್ಶಿನಿಂದ ಕೆರೆದೆ. ಕೆಳಗಿನಿಂದ ಸುಣ್ಣದಂಥ ಗೆರೆ ಎದ್ದಿತು.

ಅವರ ಸೈನ್. ಡ್ರೈವರ್ ಕಡೆ, ಹೊಳೆಯುವ ಅರ್ಧದ ಪಕ್ಕದಲ್ಲಿ. ಅಂದರೆ ಅವರು ಹಚ್ಚಿದ್ದು ಈ ಕಡೆ! ಗ್ಲೇಜ್ ಕೆಲಸ ಮಾಡಿತ್ತು, ಅವರು ತೋರಿಸಿದ್ದೇ ತಪ್ಪು ಅರ್ಧ. ಕೆರೆಯುತ್ತಾ ಹೋದೆ. ಗೆರೆ ನಡುವಿಗೆ ಬಂತು. ಅಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸೊಟ್ಟಸೊಟ್ಟಗೆ, ಅಲ್ಲಲ್ಲಿ ತುಂಡಾಗಿ, ಪಟ್ಟಿಯ ಆ ತುದಿಯವರೆಗೂ ಹೋಗಿತ್ತು.

ಅಲ್ಲೇ ನೆಲದ ಮೇಲೆ ಕೂತೆ. ಶೋರೂಮಿನವರೇ ಏನಾದರೂ ಹಚ್ಚಿರಬಹುದೇ? ಮೊಬೈಲ್ ತೆಗೆದು ಕಾರು ತಂದ ದಿನದ ಫೋಟೋ ಹುಡುಕಿದೆ. ಚೆಂಡು ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಗಾಜಿನ ಬುಡದಲ್ಲಿ ಕಡು ಕಪ್ಪು ಪಟ್ಟಿ. ಅದಾದ ಮೇಲೆ ಆ ಬಾನೆಟ್ಟಿಗೆ ಏನನ್ನಾದರೂ ಹಚ್ಚಿದವರು ಅವರೊಬ್ಬರೇ, ಒಂದೇ ಸಲ.

ಅರ್ಧ ಎಂಬುದೇ ಇರಲಿಲ್ಲ. ನಾನು ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವರು ಟೇಪ್ ಎಳೆದು ಒಂದರ್ಧ ಮುಗಿಸಿ ನಿಂತು ನೋಡಿರಬೇಕು. ಇನ್ನೊಂದರ್ಧ ಕೊಳೆಯಾಗಿ ಕಂಡಿರಬೇಕು. ನಮ್ಮ ಮನೆಯ ಕಿಟಕಿಗಳನ್ನು ಬಿಡಲಾಗದವರು ಹೊಸ ಕಾರನ್ನು ಹೇಗೆ ಬಿಟ್ಟಾರು? ತನ್ನ ಶೆಡ್ಡನ್ನು ಉಳಿಸಬಹುದಾಗಿದ್ದ ಒಂದೇ ಪರೀಕ್ಷೆಯನ್ನು ಆ ಮನುಷ್ಯ ಒಂದು ಬಟ್ಟೆಯ ತುಂಡಿನಿಂದ ಒರೆಸಿಹಾಕಿದ್ದರು. ಪೂರ್ತಿ ಮಾಡಿಬಿಟ್ಟೆ ಎಂದು ಅಣ್ಣನೆದುರು ಹೇಳಿದ್ದರೆ ಮೋಸ ಎಂದು ಮೊದಲು ಕೂಗುತ್ತಿದ್ದವನು ನಾನೇ. ಇನ್ನುಳಿದದ್ದು ಎರಡು ಸುಳ್ಳು. ಶೆಡ್ ಉಳಿಸುವ ಸುಳ್ಳನ್ನು ಬಿಟ್ಟು, ಹಾಳಾದದ್ದನ್ನು ತನ್ನದೆನ್ನುವ ಸುಳ್ಳನ್ನು ಆರಿಸಿಕೊಂಡರು. ಸುಳ್ಳೇ? ಅದೂ ಅವರೇ ಮಾಡಿದ್ದಲ್ಲವೇ?

ಗ್ಲೇಜಿನಿಂದ ಉಪಯೋಗವಿದೆಯೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಕೇಳೋಣವೆಂದರೆ ಲೈಫ್‌ಟೈಮ್ ಮುಗಿದಿದೆ, ಮೊದಲು ಮುಗಿದದ್ದು ಕಾರಿನದಲ್ಲ.

ಹೆಂಡತಿ ಬಾಲ್ಕನಿಯಿಂದ ಬಗ್ಗಿ, "ಏನ್ರೀ, ನೀರು ಸುಮ್ನೆ ಹೋಗ್ತಿದೆ, ನಲ್ಲಿ ನಿಲ್ಸಿ" ಎಂದಳು. ಎದ್ದೆ. ನಲ್ಲಿಯ ಕಡೆ ಹೋಗುವ ಬದಲು ಕಾರಿನ ಮುಂದೆ ಬಂದು ನಿಂತು ಬಾನೆಟ್ಟಿನ ಮೇಲೆ ಕೈಯಿಟ್ಟೆ, ಆ ಕಡೆ ಒಂದು, ಈ ಕಡೆ ಒಂದು. ಒಂದು ಅಂಗೈಯ ಕೆಳಗೆ ನುಣುಪು, ಇನ್ನೊಂದರ ಕೆಳಗೆ ತರಿತರಿ. ಯಾವ ಕೈ ತೆಗೆಯಬೇಕೆಂದು ತಿಳಿಯದೆ, ನೀರು ಹರಿಯುತ್ತಿರುವಂತೆಯೇ, ಬಹಳ ಹೊತ್ತು ಹಾಗೇ ನಿಂತಿದ್ದೆ.